ಇಫ್ತಾರ್‌ಗೆ ಒಂದು ಬಟ್ಟಲು ಹರೀರಾ

ದಿನವಿಡೀ ಖಾಲಿಯಿದ್ದ ಹೊಟ್ಟೆಗೆ ಇಫ್ತಾರ್‌ನಲ್ಲಿ ಏನು ಕೊಡುತ್ತೀರಿ? ಖರ್ಜೂರ, ನೀರಿನ ನಂತರ ಅನೇಕ ಮನೆಗಳಲ್ಲಿ ಕೈ ಹೋಗುವುದು ಸಮೋಸ, ಪಕೋಡಗಳ ತಟ್ಟೆಗೆ. ಆಮೇಲೆ ಕಾಡುವ ಎದೆಯುರಿ, ಹೊಟ್ಟೆಯುಬ್ಬರ, ತರಾವೀಹ್‌ನಲ್ಲಿ ನಿಲ್ಲಲಾಗದ ಆಲಸ್ಯಕ್ಕೆ ಉಪವಾಸವನ್ನು ದೂರುವುದು ಸರಿಯಲ್ಲ. ಹಲವು ಸಲ ಅದಕ್ಕೆ ಕಾರಣ ಈ ಕರಿದ ತಿಂಡಿಗಳೇ.

ನಮ್ಮ ಕೆಲವು ಮಸೀದಿಗಳಲ್ಲಿ ಇಫ್ತಾರ್‌ಗೆ ಗಂಜಿ ಹಂಚುವಂತೆ, ಮೊರೊಕ್ಕೊದ ಮನೆಗಳಲ್ಲಿ ರಮಝಾನ್ ಪೂರ್ತಿ ಹರೀರಾ ಎಂಬ ಸೂಪ್ ತಯಾರಾಗುತ್ತದೆ. ಅರಬಿಯಲ್ಲಿ ಹರೀರ್ ಎಂದರೆ ರೇಷ್ಮೆ. ಹಿಟ್ಟು ಕದಡಿ ಹಾಕಿದಾಗ ಸೂಪ್ ರೇಷ್ಮೆಯಂತೆ ನಯವಾಗುವುದರಿಂದ ಈ ಹೆಸರು ಬಂತೆನ್ನುತ್ತಾರೆ. ಬೇಳೆ, ಕಡಲೆ, ಮಾಂಸ, ಸೊಪ್ಪು ಎಲ್ಲವೂ ಇರುವ ಇದು ಒಂದು ಬಟ್ಟಲಲ್ಲೇ ಪೂರ್ಣ ಆಹಾರ.

ಬೇಕಾಗುವ ಸಾಮಗ್ರಿಗಳು (6 ಮಂದಿಗೆ)

ಮಟನ್ ಸಣ್ಣ ತುಂಡುಗಳು – 200 ಗ್ರಾಂ
ಕಾಬೂಲಿ ಕಡಲೆ – ಅರ್ಧ ಕಪ್ (8 ಗಂಟೆ ನೆನೆಸಿದ್ದು)
ಸಿಪ್ಪೆ ಸಹಿತ ಮಸೂರ್ – ಅರ್ಧ ಕಪ್
ಹಣ್ಣಾದ ಟೊಮೆಟೊ – 6 (ರುಬ್ಬಿದ್ದು)
ಈರುಳ್ಳಿ – 1 ದೊಡ್ಡದು
ಕೊತ್ತಂಬರಿ ಸೊಪ್ಪು – 1 ಕಟ್ಟು
ಪಾರ್ಸ್ಲಿ, ಸೆಲರಿ – ಸಿಕ್ಕಿದರೆ ಸ್ವಲ್ಪ
ಒಣಶುಂಠಿ ಪುಡಿ, ಕರಿಮೆಣಸಿನ ಪುಡಿ – ತಲಾ 1 ಟೀ ಚಮಚ
ಅರಿಶಿನ, ದಾಲ್ಚಿನ್ನಿ ಪುಡಿ – ತಲಾ ಅರ್ಧ ಟೀ ಚಮಚ
ಶಾವಿಗೆ – 1 ಹಿಡಿ
ಮೈದಾ – 3 ದೊಡ್ಡ ಚಮಚ
ತುಪ್ಪ ಅಥವಾ ಎಣ್ಣೆ – 1 ದೊಡ್ಡ ಚಮಚ
ನಿಂಬೆಹಣ್ಣು, ಉಪ್ಪು

ಮಾಡುವ ವಿಧಾನ

ಕುಕ್ಕರ್‌ನಲ್ಲಿ ತುಪ್ಪ ಬಿಸಿ ಮಾಡಿ ಈರುಳ್ಳಿ, ಮಟನ್, ಮಸಾಲೆ ಪುಡಿಗಳನ್ನು ಹುರಿಯಿರಿ. ಕಡಲೆ ಮತ್ತು ಒಂದೂವರೆ ಲೀಟರ್ ನೀರು ಹಾಕಿ, ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ಕಡಲೆ ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು; ಅರೆಬೆಂದ ಕಡಲೆ ಹೊಟ್ಟೆಯುಬ್ಬರ ತರುತ್ತದೆ. ಈಗ ಮಸೂರ್ ಹಾಕಿ ಮುಚ್ಚಳ ತೆರೆದೇ ಬೇಯಿಸಿ. ಅದು ಮೆತ್ತಗಾದ ಮೇಲಷ್ಟೇ ಟೊಮೆಟೊ ಸೇರಿಸಿ, ಏಕೆಂದರೆ ಟೊಮೆಟೊದ ಹುಳಿ ಬೇಳೆಕಾಳು ಬೇಗ ಬೇಯಲು ಬಿಡುವುದಿಲ್ಲ. ಉಪ್ಪು, ಹೆಚ್ಚಿದ ಸೊಪ್ಪು ಹಾಕಿ 20 ನಿಮಿಷ ಕುದಿಸಿ. ಕೊನೆಗೆ ಶಾವಿಗೆ ಹಾಕಿ, ಒಂದು ಕಪ್ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿದ ಮೈದಾವನ್ನು ಸಣ್ಣಗೆ ಸುರಿಯುತ್ತಾ ಕೈಬಿಡದೆ ತಿರುಗಿಸಿ. ಹಸಿಹಿಟ್ಟಿನ ವಾಸನೆ ಹೋಗುವವರೆಗೆ, ಅಂದರೆ ಸುಮಾರು 10 ನಿಮಿಷ ಕುದಿಯಲಿ. ಬಡಿಸುವಾಗ ನಿಂಬೆ ಹಿಂಡಿ. ಮಟನ್ ಇಲ್ಲದೆಯೂ ಮಾಡಬಹುದು.

ಮೊರೊಕ್ಕೊದಲ್ಲಿ ಇದರ ಜೊತೆ ಖರ್ಜೂರ, ಬೇಯಿಸಿದ ಮೊಟ್ಟೆ ಮತ್ತು ಜೇನಲ್ಲಿ ಅದ್ದಿದ ಶೆಬಕಿಯಾ ಎಂಬ ಕರಿದ ಸಿಹಿ ಇರುತ್ತದೆ. ಮೊದಲೆರಡು ನಮಗೆ ಸಾಕು.

ಆರೋಗ್ಯಕ್ಕೆ ಏನು ಲಾಭ?

ಬೆವರಿನಲ್ಲಿ ಕಳೆದುಹೋದ ನೀರು, ಉಪ್ಪು ದೇಹಕ್ಕೆ ಮರಳುತ್ತವೆ. ಬೇಳೆಯ ಪ್ರೋಟೀನ್ ಮತ್ತು ನಾರು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತವೆ. ರಕ್ತಹೀನತೆಯಿರುವ ಹೆಣ್ಣುಮಕ್ಕಳು ಗಮನಿಸಬೇಕಾದ ಮಾತೊಂದಿದೆ. ಬೇಳೆಯಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ನಿಂಬೆಯ ಸಿ ವಿಟಮಿನ್ ಅದಕ್ಕೆ ನೆರವಾಗುತ್ತದೆ. ಊಟದ ಜೊತೆಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಆದ್ದರಿಂದ ಚಹಾ ಒಂದು ಗಂಟೆ ತಡವಾಗಲಿ.

ಸಕ್ಕರೆ ಕಾಯಿಲೆಯವರು ಮೈದಾ, ಶಾವಿಗೆ ಕಡಿಮೆ ಮಾಡಲಿ. ರಕ್ತದೊತ್ತಡ ಇರುವವರು ಉಪ್ಪಿನ ಬದಲು ನಿಂಬೆಯಿಂದ ರುಚಿ ಹೆಚ್ಚಿಸಲಿ. ಟೊಮೆಟೊ, ಬೇಳೆಗಳಲ್ಲಿ ಪೊಟ್ಯಾಷಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಸೇವಿಸಬೇಕು.

ಸಹ್ರಿಗೆ ಉಳಿಸುವಾಗ ಎಚ್ಚರ

ಕೊತ್ತಂಬರಿಯ ಬೇರು ಕತ್ತರಿಸಿ, ಮಣ್ಣು ಹೋಗುವವರೆಗೆ ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ. ಮಾಂಸ ಹೆಚ್ಚಿದ ಚಾಕು, ಮಣೆಯನ್ನು ಸೋಪಿನಿಂದ ತೊಳೆಯದೆ ಸೊಪ್ಪಿಗೆ ಬಳಸಬೇಡಿ.

ಅಸ್ರ್‌ಗೆ ಮಾಡಿದ ಸೂಪನ್ನು ಒಲೆಯ ಮೇಲೆಯೇ ಬಿಟ್ಟು ಸಹ್ರಿಗೆ ಬಿಸಿ ಮಾಡುವುದು ಅಪಾಯಕಾರಿ. ದೊಡ್ಡ ಪಾತ್ರೆಯಲ್ಲಿ ಸೂಪ್ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ರೋಗಾಣುಗಳಿಗೆ ಬೇಕಾದದ್ದು ಅದೇ. ಕೆಲವು ರೋಗಾಣುಗಳು ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಸಹ್ರಿಯ ನಂತರ ವಾಂತಿ-ಭೇದಿಯಾದರೆ ಮುಂದಿನ ಉಪವಾಸವೇ ಕಷ್ಟವಾಗುತ್ತದೆ. ಆದ್ದರಿಂದ ಉಳಿದದ್ದನ್ನು ಸಣ್ಣ ಪಾತ್ರೆಗಳಿಗೆ ಹಂಚಿ, ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಬೇಕಾದಷ್ಟನ್ನೇ ತೆಗೆದು, ನೀರು ಸೇರಿಸಿ, ಚೆನ್ನಾಗಿ ಕುದಿಸಿ.

ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕೆಂದು ಪ್ರವಾದಿ(ಸ) ಅಬೂದರ್‌(ರ)ರಿಗೆ ಬೋಧಿಸಿದ್ದರು. ಹರೀರಾ ಸ್ವಲ್ಪ ಮಾಡಿದರೂ ಹೆಚ್ಚೇ ಆಗುವ ಅಡುಗೆ. ಹಳಸಲು ಬಿಡುವ ಬದಲು ಅಝಾನ್‌ಗೆ ಮೊದಲೇ ಒಂದು ಪಾತ್ರೆ ಪಕ್ಕದ ಮನೆಗೆ ಹೋಗಲಿ.