ಮಳೆಯ ತಕ್ಕಡಿಗೆ ಮುದ್ರೆ ಯಾರದು?

ಅಡಕೆಯ ಮೂಟೆ ತಕ್ಕಡಿಗೇರಿದಾಗ ಬೆಳೆಗಾರನ ದೃಷ್ಟಿಯೆಲ್ಲ ತೂಕದ ಮೇಲೆಯೇ ನೆಟ್ಟಿರುತ್ತದೆ. ತಕ್ಕಡಿಗೆ ಸರಕಾರದ ಮುದ್ರೆ ಬಿದ್ದಿದೆಯೇ ಎಂದು ಕೇಳಲು ಅವನು ಹಿಂಜರಿಯುವುದಿಲ್ಲ. ಆದರೆ ಅವನ ತೋಟದ ಮೇಲೆ ಸುರಿದ ಮಳೆಯನ್ನು ಅಳೆಯುವ ಯಂತ್ರದ ಬಗೆಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆಯೇ? ಕೇಳಬೇಕಾದ ಕಾಲ ಬಂದಿದೆ.

ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿ ಹೊಳಲೂರು ಇದೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲ್ಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಪೂರ್ವದ ಬಯಲಿಗೆ ಇಳಿದಂತೆ ಅದು ಬಹುಬೇಗ ಕಡಿಮೆಯಾಗುತ್ತದೆ. ಆದುದರಿಂದ ಒಂದೂರಿನ ಮಳೆಯ ಲೆಕ್ಕವನ್ನು ಇನ್ನೊಂದೂರಿಗೆ ಕಡ ಕೊಡಲಾಗದು. ಈ ಕಾರಣದಿಂದಲೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಎಂಬ ಏರ್ಪಾಡನ್ನು ಮಾಡಿತು. ಸೂರ್ಯನ ಬೆಳಕಿನಿಂದ ನಡೆಯುವ ಈ ಯಂತ್ರಗಳು ಕಾಲುಗಂಟೆಗೊಮ್ಮೆ ತಮ್ಮ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಕಳುಹಿಸುವಂತೆ ರಚಿತವಾದುವು. 2016ರಲ್ಲಿ ಹೊಸ ರೂಪ ಪಡೆದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಕೆ, ಮೆಣಸುಗಳ ಪರಿಹಾರವನ್ನು ನಿರ್ಧರಿಸಲು ಇಂಥ ಮಾಪಕಗಳ ಅಂಕಿಗಳನ್ನೇ ಆಧಾರವಾಗಿ ಹಿಡಿಯಲಾಯಿತು. ಎಂದ ಮೇಲೆ ಇದೂ ಒಂದು ತಕ್ಕಡಿಯೇ ಅಲ್ಲವೆ?

ಯಂತ್ರದ ಒಳಗನ್ನು ನೋಡೋಣ. ಮೇಲೊಂದು ಆಲಿಕೆ. ಅದರ ಕೆಳಗೆ, ಮಕ್ಕಳ ಏತಪಾತದ ಹಲಗೆಯಂತೆ ತೂಗುವ ಒಂದು ಜೋಡಿ ಪುಟ್ಟ ಬಟ್ಟಲುಗಳು. ಒಂದು ಬಟ್ಟಲು ತುಂಬಿದೊಡನೆ ಭಾರಕ್ಕೆ ಉರುಳಿ ನೀರನ್ನು ಚೆಲ್ಲುತ್ತದೆ. ಇನ್ನೊಂದು ಆಲಿಕೆಯ ಬಾಯಿಗೆ ಬಂದು ನಿಲ್ಲುತ್ತದೆ. ಪ್ರತಿ ಉರುಳಿಗೂ ಒಂದು ಚಿಕ್ಕ ಅಯಸ್ಕಾಂತವು ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ. ಡೇಟಾ ಲಾಗರ್ ಎಂಬ ಪೆಟ್ಟಿಗೆಯು ಆ ಮಿಡಿತಗಳನ್ನು ಎಣಿಸಿ, ವೇಳೆಯೊಡನೆ ಬರೆದಿಡುತ್ತದೆ. ಉರುಳುವ ಬಟ್ಟಲಿನ ಉಪಾಯ ಹೊಸದಲ್ಲ. ಇಂಗ್ಲೆಂಡಿನ ಕ್ರಿಸ್ಟೊಫರ್ ರೆನ್ 1662ರ ಸುಮಾರಿಗೆ ಅದನ್ನು ಯೋಚಿಸಿದನು. ಅದೇ ಶತಮಾನದ ಎಪ್ಪತ್ತರ ದಶಕದಲ್ಲಿ ರಾಬರ್ಟ್ ಹುಕ್ ನಿರ್ಮಿಸಿದ ‘ಹವೆಯ ಗಡಿಯಾರ’ವು ಕಾಗದದ ಪಟ್ಟಿಯ ಮೇಲೆ ತೂತು ಕೊರೆದು ಲೆಕ್ಕವಿಡುತ್ತಿತ್ತು. ನಮ್ಮ ಪೆಟ್ಟಿಗೆಗೆ ಅದು ಮುತ್ತಜ್ಜ!

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಮನಗಾಣಬೇಕು. ಪೆಟ್ಟಿಗೆಗೆ ಮಳೆಯೆಂದರೇನೆಂದು ತಿಳಿಯದು. ಅದು ಬಲ್ಲುದು ಮಿಡಿತಗಳನ್ನು ಮಾತ್ರ. “ಒಂದು ಮಿಡಿತಕ್ಕೆ ಅರ್ಧ ಮಿಲ್ಲಿಮೀಟರ್” ಎಂದು ಹೇಳಿಕೊಟ್ಟವರು ನಾವು. ಆ ಮಾತು ನಿಜವೇ ಎಂದು ಪರೀಕ್ಷಿಸಿ ಸರಿಪಡಿಸುವ ಕಾರ್ಯವೇ ಅಂಶಾಂಕನ. ಸರಳವಾಗಿ ಹೇಳುವುದಾದರೆ, ತಾಳೆ ನೋಡುವುದು.

ಆಲಿಕೆಯ ಬಾಯಿಯ ವಿಸ್ತಾರ 200 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಅರ್ಧ ಮಿಲ್ಲಿಮೀಟರ್ ಮಳೆ ಬಿದ್ದರೆ ದೊರೆಯುವ ನೀರು 10 ಮಿಲ್ಲಿಲೀಟರ್. ಅಂದರೆ ಬಟ್ಟಲು ಸರಿಯಾಗಿ 10 ಮಿಲ್ಲಿಲೀಟರಿಗೆ ಉರುಳಬೇಕು. ಅದರ ಕೆಳಗಿನ ತಿರುಪು ಸ್ವಲ್ಪ ಸರಿದು, ಬಟ್ಟಲು 11 ಮಿಲ್ಲಿಲೀಟರಿಗೆ ಉರುಳತೊಡಗಿತೆನ್ನಿ. ಒಂದು ದಿನ 105 ಮಿಲ್ಲಿಮೀಟರ್ ಮಳೆ ಸುರಿಯಿತು. ಆಲಿಕೆಗೆ ಬಂದ ನೀರು 2,100 ಮಿಲ್ಲಿಲೀಟರ್, ಉರುಳುಗಳು 190, ಪೆಟ್ಟಿಗೆ ಬರೆದ ಮಳೆ 95 ಮಿಲ್ಲಿಮೀಟರ್! ನೂರು ಮಿಲ್ಲಿಮೀಟರ್ ಮೀರಿದರೆ ಮಾತ್ರ ಪರಿಹಾರವೆಂಬ ಕರಾರು ಇದ್ದಲ್ಲಿ, ತೋಟ ಕೊಳೆತರೂ ಕಾಗದದ ಮೇಲೆ ಅತಿವೃಷ್ಟಿಯಾಗಲೇ ಇಲ್ಲ. ತಿರುಪು ಇನ್ನೊಂದು ಕಡೆಗೆ ಸರಿದಿದ್ದರೆ ವಿಮೆಯವರಿಗೆ ನಷ್ಟ. ಯಾರೂ ಸುಳ್ಳು ಹೇಳಲಿಲ್ಲ. ಆದರೂ ಅನ್ಯಾಯ ನಡೆದುಹೋಯಿತು.

ತಾಳೆ ನೋಡುವ ಬಗೆ ಹೇಗೆ? ಮೊದಲು ನೆಲೆ ಸರಿಯಿರಬೇಕು. ಮರಕಟ್ಟಡಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರ ಬೇಕು. 15 ಮೀಟರಿನ ಅಡಕೆಮರವಿದ್ದರೆ 30 ಮೀಟರ್. ಗಾರೆಯವರು ಬಳಸುವ ರಸಮಟ್ಟದಿಂದ ನೋಡಿ ಮಾಪಕವನ್ನು ಸಮತಲವಾಗಿ ನಿಲ್ಲಿಸಬೇಕು. ವಾಲಿದರೆ ಒಂದು ಬಟ್ಟಲು ಬೇಗ, ಇನ್ನೊಂದು ತಡವಾಗಿ ಉರುಳುವುದು. ಆಲಿಕೆಯಲ್ಲಿ ತರಗೆಲೆ, ಜೇಡರ ಬಲೆ ಇರಕೂಡದು. ಅನಂತರ ಮಿಡಿತದ ತಂತಿಯನ್ನು ಪೆಟ್ಟಿಗೆಯಿಂದ ಬಿಡಿಸಿ, ವೇಳೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಇಲ್ಲವಾದರೆ ನಾವು ಸುರಿದ ನೀರು ಬೆಂಗಳೂರಿನಲ್ಲಿ ಮಳೆಯಾಗಿ ದಾಖಲಾದೀತು!

ಈಗ ಬ್ಯುರೆಟ್ಟಿನಿಂದ ಒಂದೊಂದು ಬಟ್ಟಲಿಗೂ ಹನಿಹನಿಯಾಗಿ ನೀರು ಬಿಟ್ಟು, ಎಷ್ಟಕ್ಕೆ ಉರುಳುವುದೆಂದು ನೋಡಿ, ತಿರುಪನ್ನು ಸರಿಪಡಿಸಬೇಕು. ಎರಡನ್ನೂ ಬೇರೆಬೇರೆಯಾಗಿ ನೋಡುವುದು ಅಗತ್ಯ. ಒಂದು 9ಕ್ಕೂ ಇನ್ನೊಂದು 11ಕ್ಕೂ ಉರುಳಿದರೆ ಒಟ್ಟು ಲೆಕ್ಕ ಸರಿಯೆನಿಸಿ ದೋಷ ಮರೆಯಾಗುತ್ತದೆ. ಬಳಿಕ ಒಂದು ಲೀಟರ್ ನೀರನ್ನು ಒಂದು ಗಂಟೆಯ ಕಾಲ ಆಲಿಕೆಗೆ ಸಣ್ಣಗೆ ಹರಿಸಬೇಕು. ಇದು ಗಂಟೆಗೆ 50 ಮಿಲ್ಲಿಮೀಟರ್ ಮಳೆಗೆ ಸಮ. ಉರುಳುಗಳು 100 ಆಗಬೇಕು. ಅದೇ ಲೀಟರನ್ನು ಕಾಲುಗಂಟೆಯಲ್ಲಿ ಹರಿಸಿದರೆ? ಎಣಿಕೆ ತಗ್ಗುತ್ತದೆ. ಬಟ್ಟಲು ಉರುಳುತ್ತಿರುವಾಗಲೂ ನೀರು ಅದಕ್ಕೇ ಬೀಳುತ್ತಿರುತ್ತದಷ್ಟೆ. ಪ್ರತಿ ಉರುಳಿನಲ್ಲಿ ಕಾಲು ಸೆಕೆಂಡಿನ ನೀರು ಹೀಗೆ ಹೆಚ್ಚಾಗಿ ಹೋದರೂ ನೂರರ ಬದಲು 97 ಉರುಳುಗಳೇ ಆಗುವುವು. ಜಡಿಮಳೆಯಲ್ಲಿ ಯಂತ್ರ ಕಡಿಮೆ ಹೇಳುವುದು ಅದರ ಸ್ವಭಾವ. ಆ ಕೊರತೆಯನ್ನು ಅಳೆದು ತಿಳಿದಿದ್ದರೆ ಲೆಕ್ಕದಲ್ಲಿ ತುಂಬಿಕೊಡಬಹುದು.

ಹವಾಮಾನ ಕೇಂದ್ರದ ಉಳಿದ ಸಂವೇದಕಗಳಿಗೂ ಇಂಥ ಸಾಕ್ಷಿಗಳುಂಟು. ಉಷ್ಣಮಾಪಕವನ್ನು ಶುದ್ಧ ನೀರಿನ ಮಂಜುಗಡ್ಡೆಯ ಪುಡಿ ಕರಗುತ್ತಿರುವ ಪಾತ್ರೆಯಲ್ಲಿಟ್ಟರೆ ಸೊನ್ನೆ ಡಿಗ್ರಿ ತೋರಬೇಕು. ಕುದಿನೀರನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ಶಿವಮೊಗ್ಗದಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಯಲ್ಲಿ. ತೇವಾಂಶಕ್ಕೆ ಅಡುಗೆಯ ಉಪ್ಪೇ ಸಾಕ್ಷಿ. ಒದ್ದೆ ಮಾಡಿ ಮುದ್ದೆಯಾಗಿಸಿದ ಉಪ್ಪನ್ನು ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿಟ್ಟು ಕೆಲವು ಗಂಟೆ ಬಿಟ್ಟರೆ, ಒಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ರಲ್ಲಿ ನಿಲ್ಲುತ್ತದೆ. ಸಂವೇದಕಕ್ಕೆ ನೀರು ತಗಲದಂತೆ ಎಚ್ಚರವಹಿಸಿದರಾಯಿತು.

ಆದರೆ ನಾವು ಸುರಿದ ಲೀಟರೇ ಸರಿಯೆಂಬುದಕ್ಕೆ ಆಧಾರವೇನು? ಅದನ್ನು ತೂಗಿ ನೋಡಬಹುದು. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು 997 ಗ್ರಾಂ ತೂಗುತ್ತದೆ. ತೂಕದ ಬಟ್ಟು ಸರಿಯೆ? ಅದಕ್ಕೆ ಮುದ್ರೆ ಹಾಕಿದವರ ಬಳಿ ಇನ್ನೂ ನಿಖರವಾದ ಬಟ್ಟು ಉಂಟು. ಹೀಗೆ ಕೊಂಡಿ ಕೊಂಡಿಯಾಗಿ ಹೋದರೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಿಲೋಗ್ರಾಮನ್ನು ತಲಪುತ್ತೇವೆ. 2019ರ ಮೇ 20ರಿಂದ ಕಿಲೋಗ್ರಾಮಿಗೆ ಲೋಹದ ಯಾವ ಗುಂಡೂ ಮೂಲವಲ್ಲ; ಪ್ಲಾಂಕನ ಸ್ಥಿರಾಂಕವೇ ಅದರ ಮೂಲ. ಹೊಳಲೂರಿನ ಒಂದು ಸಂಜೆಯ ಮಳೆಗೂ ನಿಸರ್ಗದ ಆ ಸ್ಥಿರಾಂಕಕ್ಕೂ ನಡುವೆ ಇರುವುದು ಇದೊಂದೇ ಸರಪಳಿ. ಅದರಲ್ಲಿ ಒಂದು ಕೊಂಡಿ ಕಳಚಿದರೂ ಮಳೆಯ ಅಂಕಿಗೆ ಬೆಲೆಯಿಲ್ಲ.

ನಿಮ್ಮ ಶಾಲೆಯಲ್ಲಿ ಮಳೆಮಾಪಕವಿದ್ದರೆ, ಅಧ್ಯಾಪಕರ ಅನುಮತಿ ಪಡೆದು, ಮುಂಗಾರಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಒಂದು ಲೀಟರ್ ನೀರು ಸುರಿದು ಎಣಿಸಿರಿ. ಪಂಚಾಯಿತಿಯ ಮಾಪಕವನ್ನು ಮುಟ್ಟಬೇಡಿರಿ. ಆದರೆ ಅದನ್ನು ಕೊನೆಯ ಬಾರಿ ತಾಳೆ ನೋಡಿದ್ದು ಯಾವಾಗ ಎಂದು ಅವಶ್ಯವಾಗಿ ಕೇಳಿರಿ. ಅಡಕೆಯ ತಕ್ಕಡಿಯ ಮುಂದೆ ನಿಂತು ನಿಮ್ಮ ಹಿರಿಯರು ಕೇಳುವ ಪ್ರಶ್ನೆಯೂ ಅದೇ.