ಕುರ್ಚಿ ಹಳೇದು, ಜೋಕೂ ಹಳಸಿತೇ?

ಕೊಪ್ಪ: ಇಲ್ಲಿನ ಬಸ್ ಸ್ಟ್ಯಾಂಡ್ ಆಸುಪಾಸಿನ ಹೋಟೆಲಿಗೆ ಸಂಜೆ ಹೊತ್ತು ಹೋಗಿ ಕೂತರೆ ಸಾಕು, ಪುಕ್ಕಟೆ ನಾಟಕ. ಗೋಡೆ ಮೇಲಿನ ಟಿ.ವಿ. ತನ್ನ ಪಾಡಿಗೆ ಓಡುತ್ತಿರುತ್ತದೆ. ಕಾಮಿಡಿ ಚಾನೆಲ್ಲಿನಲ್ಲಿ ರಾಜಕಾರಣಿ ವೇಷದವನೊಬ್ಬ. ಬಿಳಿ ಅಂಗಿ, ಹೆಗಲ ಮೇಲೆ ಶಾಲು, ಬಾಯ್ತುಂಬ ಆಶ್ವಾಸನೆ. ಹಿಂದಿನಿಂದ ರೆಕಾರ್ಡ್ ಮಾಡಿದ ನಗು. ಗಿರಾಕಿಗಳ ಕಣ್ಣು ಮಾತ್ರ ತಟ್ಟೆ ಮೇಲೆ. ಯಾರೋ ಬೇಜಾರಾಗಿ ನ್ಯೂಸ್ ಹಾಕುತ್ತಾರೆ. ಅಲ್ಲಿ ಅಸಲಿ ರಾಜಕಾರಣಿ. ಅದೇ ಅಂಗಿ, ಅದೇ ಶಾಲು, ಅದೇ ಆಶ್ವಾಸನೆ. ಈಗ ಹೋಟೆಲಿಗೆ ಹೋಟೆಲೇ ನಗುತ್ತದೆ!

"ಎಂಥದು ಮಾರಾಯ್ರೇ, ಕಾಮಿಡಿ ನೋಡಿ ನಗದವರು ನ್ಯೂಸ್ ನೋಡಿ ನಗ್ತೀರಲ್ಲ?" ಎಂದರೆ ಉತ್ತರ ರೆಡಿ: "ಅಲ್ಲಿರೋರು ಬರೀ ನಟರು. ಇಲ್ಲಿರೋರು ಕಲಾವಿದ್ರು!"

ತಮಾಷೆಗೆ ಆಡಿದ ಮಾತು. ಆದರೆ ಒಳಗೊಂದು ಪ್ರಶ್ನೆ ಉಂಟು. ವರ್ಷಾನುಗಟ್ಟಲೆ ಓಡುವ ರಾಜಕೀಯ ವಿಡಂಬನೆ ಕೊನೇವರೆಗೂ ನಗಿಸುತ್ತದೆಯೇ? ಇಲ್ಲ, ಮೂರು ದಿನದ ಸಾರಿನಂತೆ ಹಳಸುತ್ತದೆಯೇ?

ಎನ್.ಆರ್.ಪುರದ ಪಕ್ಕದ ಮನೆ

ಉದಾಹರಣೆಗೆ ದೂರ ಹೋಗಬೇಕಿಲ್ಲ. ನರಸಿಂಹರಾಜಪುರ ತಾಲೂಕಿನಲ್ಲಿ ಕೇರಳದಿಂದ ಬಂದು ನೆಲೆ ನಿಂತ ಮಲಯಾಳಿ ಕುಟುಂಬಗಳು ಬೇಕಾದಷ್ಟಿವೆ. ಮಲಯಾಳಿಗಳಿಗೆಲ್ಲ ಗೊತ್ತಿರುವ ಹೆಸರು 'ಮುನ್ಷಿ'. ಏಷ್ಯಾನೆಟ್‌ನಲ್ಲಿ 2000ನೇ ಇಸವಿಯಲ್ಲಿ ಶುರುವಾಗಿ 20 ವರ್ಷ ದಾಟಿ ಓಡಿದ ರಾಜಕೀಯ ವಿಡಂಬನೆ ಅದು. ದಿನಕ್ಕೆ ಕೆಲವೇ ನಿಮಿಷ. ಊರಿನ ನಾಲ್ಕು ಜನ ಸೇರಿ ಅವತ್ತಿನ ರಾಜಕೀಯ ಮಾತಾಡುತ್ತಾರೆ, ಕಚ್ಚಾಡುತ್ತಾರೆ. ಕೊನೆಗೆ ಮುನ್ಷಿ ಒಂದು ಗಾದೆಯಂಥ ಮಾತು ಹೇಳಿದರೆ ಆಟ ಮುಗಿಯಿತು.

ಇಷ್ಟು ವರ್ಷ ಅದು ಓಡಿದ್ದರ ಗುಟ್ಟೇನು? ಒಂದು, ಚಿಕ್ಕದು. ಎರಡು, ಅವತ್ತಿನ ಸುದ್ದಿ ಅವತ್ತೇ. ಮೂರನೆಯದು ಮುಖ್ಯ: ಎಲ್ಲ ಪಕ್ಷದವರಿಗೂ ಪಾಲು. ಇವತ್ತು ಎಡದವರಿಗೆ ಬಿದ್ದರೆ ನಾಳೆ ಬಲದವರಿಗೆ. ಪೆಟ್ಟು ತಿಂದವನೂ ಮಾರನೇ ದಿನ ಟಿ.ವಿ. ಮುಂದೆ ಕೂರುತ್ತಾನೆ, ಎದುರಾಳಿಗೆ ಬೀಳುವುದನ್ನು ನೋಡಬೇಕಲ್ಲ!

ನಮ್ಮ ಟಿ.ವಿ.ಯಲ್ಲಿ ಮನೆ ಜಗಳ

ಕನ್ನಡ ಟಿ.ವಿ.ಯಲ್ಲಿ ಹಾಸ್ಯಕ್ಕೆ ಬರವಿಲ್ಲ. ಈಟಿವಿ ಕನ್ನಡದ 'ಪಾಪ ಪಾಂಡು' ಸಾವಿರ ಕಂತು ದಾಟಿತು. 'ಸಿಲ್ಲಿ ಲಲ್ಲಿ'ಯನ್ನು ಜನ ಇವತ್ತಿಗೂ ಮೊಬೈಲಿನಲ್ಲಿ ನೋಡುತ್ತಾರೆ. ಆದರೆ ಇವೆಲ್ಲ ಮನೆಯೊಳಗಿನ ನಗೆ. ಗಂಡ ಹೆಂಡತಿ, ಅತ್ತೆ, ನೆಂಟರಿಷ್ಟರು. 'ಸಿಲ್ಲಿ ಲಲ್ಲಿ'ಯ ಸಮಾಜ ಸೇವಕಿ ಲಲಿತಾಂಬ ಒಬ್ಬಳು ಮಾತ್ರ ಹೊಸ್ತಿಲು ದಾಟಿದ್ದಳು. ಸೇವೆಗಿಂತ ಹೆಸರಿನ ಹುಚ್ಚೇ ಜಾಸ್ತಿ ಇರುವ ಅಂಥ ಸಮಾಜ ಸೇವಕರು ಯಾವ ಊರಲ್ಲಿಲ್ಲ ಹೇಳಿ? ಅದಕ್ಕೇ ಆ ನಗು ಬಾಳಿಕೆ ಬಂತು.

ಸೀದಾ ವಿಧಾನಸೌಧದ ಮೆಟ್ಟಿಲು ಹತ್ತಿ ನಗಿಸುವ ಧಾರಾವಾಹಿಗೆ ಹಿಂದಿಯನ್ನೇ ನೋಡಬೇಕು. ದೂರದರ್ಶನದಲ್ಲಿ 1988ರಲ್ಲಿ ಓಂ ಪುರಿ ಅವರ 'ಕಕ್ಕಾಜಿ ಕಹಿನ್' ಬಂತು. ಬಿ.ಬಿ.ಸಿ.ಯ 'ಯೆಸ್ ಮಿನಿಸ್ಟರ್' ಅನ್ನು ಭಟ್ಟಿ ಇಳಿಸಿ 2001ರಲ್ಲಿ ಸ್ಟಾರ್ ಪ್ಲಸ್ 'ಜೀ ಮಂತ್ರೀಜಿ' ಮಾಡಿತು. ಮಂತ್ರಿ ಫಾರೂಕ್ ಶೇಖ್. ಲಂಡನ್ನಿನ ಫೈಲು ದೆಹಲಿಯಲ್ಲೂ ಹಾಗೇ ಕೂತಿರುತ್ತದೆ ಎಂಬುದು ಅದರಿಂದ ಗೊತ್ತಾಯಿತು. ತಾಲೂಕು ಕಚೇರಿಗೆ ಅಲೆದವರಿಗೆ ಇದು ಹೊಸ ಸುದ್ದಿಯೇನಲ್ಲ.

ನಲವತ್ತು ವರ್ಷದ 'ಮುಖ್ಯಮಂತ್ರಿ'

ಹಾಗಾದರೆ ಕನ್ನಡದಲ್ಲಿ ದೀರ್ಘಾಯುಷ್ಯದ ರಾಜಕೀಯ ವಿಡಂಬನೆ ಯಾವುದು? ಅದಿರುವುದು ಟಿ.ವಿ.ಯಲ್ಲಲ್ಲ, ರಂಗದ ಮೇಲೆ. ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ'. ಚಾಣಕ್ಯ ಸೇನರ ಬಂಗಾಳಿ ಕಾದಂಬರಿ, ಅದರಿಂದ ರಂಜಿತ್ ಕಪೂರರ ಹಿಂದಿ ನಾಟಕ, ಅದರಿಂದ ಟಿ.ಎಸ್. ಲೋಹಿತಾಶ್ವ ಅವರ ಕನ್ನಡ. ನಿರ್ದೇಶನ ಡಾ. ಬಿ.ವಿ. ರಾಜಾರಾಂ. ಮೊದಲ ಪ್ರಯೋಗ 1980ರಲ್ಲಿ. ಲೋಹಿತಾಶ್ವರೇ ಮಾಡಬೇಕಿದ್ದ ಪಾತ್ರ, ಅವರಿಗೆ ಹುಷಾರು ತಪ್ಪಿ ಚಂದ್ರು ಪಾಲಿಗೆ ಬಂತು ಎಂಬುದು ರಂಗದವರು ಹೇಳುವ ಕಥೆ. ಆ ಪಾತ್ರ ಅವರ ಹೆಸರಿಗೇ ಅಂಟಿತು. ಪ್ರಯೋಗಗಳು 700 ದಾಟಿದವು.

ಕಥೆ ಏನು? ಕುರ್ಚಿ ಅಲ್ಲಾಡುತ್ತಿರುವ ಒಬ್ಬ ಮುಖ್ಯಮಂತ್ರಿ. ಯಾರು ನಮ್ಮ ಕಡೆ, ಯಾರು ಆ ಕಡೆ ಎಂಬ ಲೆಕ್ಕಾಚಾರ. ಒಬ್ಬನಿಗೆ ಆಸೆ, ಇನ್ನೊಬ್ಬನಿಗೆ ಬೆದರಿಕೆ, ಮತ್ತೊಬ್ಬನಿಗೆ ಬೆನ್ನು ತಟ್ಟುವುದು. ಅಷ್ಟೇ.

ನಾಟಕ ಶುರುವಾದಾಗ ರಾಜ್ಯದಲ್ಲಿ ಗುಂಡೂರಾವ್ ಮುಖ್ಯಮಂತ್ರಿ. ಅವರನ್ನೂ ಸೇರಿಸಿ 2023ರವರೆಗೆ ಆ ಕುರ್ಚಿಯಲ್ಲಿ ಕೂತವರು 16 ಮಂದಿ. ರಂಗದ ಮೇಲಿನ ಮುಖ್ಯಮಂತ್ರಿ ಮಾತ್ರ ಒಬ್ಬರೇ! ಪ್ರತಿ ಸರ್ಕಾರದಲ್ಲೂ ಪ್ರೇಕ್ಷಕರು "ಇದು ಇವರದ್ದೇ ಕಥೆ" ಅಂತ ನಕ್ಕರು. ನಾಟಕಕಾರ ಯಾರ ಮೂಗನ್ನೂ ಅಣಕಿಸಲಿಲ್ಲ, ಕುರ್ಚಿಯನ್ನು ಅಣಕಿಸಿದ. ಮೂಗು ಹೋಗುತ್ತದೆ, ಕುರ್ಚಿ ಹೋಗುವುದಿಲ್ಲ. ನಾಯಕರೊಬ್ಬರ ದನಿ, ನಡಿಗೆ ನಕಲು ಮಾಡುವ ಮಿಮಿಕ್ರಿ ಆ ನಾಯಕರು ಸೋತ ಮಾರನೇ ದಿನವೇ ಸಪ್ಪೆಯಾಗುವುದೂ ಇದೇ ಕಾರಣಕ್ಕೆ.

ಇದಕ್ಕಿಂತ ದೊಡ್ಡ ತಮಾಷೆ ಮುಂದೆ ನಡೆಯಿತು. ಮುಖ್ಯಮಂತ್ರಿ ಚಂದ್ರು 1985ರಲ್ಲಿ ಗೌರಿಬಿದನೂರಿನಿಂದ ಜನತಾ ಪಕ್ಷದ ಶಾಸಕರೇ ಆದರು. ಮುಂದೆ ಬಿಜೆಪಿ, ಕಾಂಗ್ರೆಸ್, 2022ರಲ್ಲಿ ಆಮ್ ಆದ್ಮಿ ಪಕ್ಷ. ನಾಟಕ ನಿಜದೊಳಗೆ ಹೋಯಿತೋ, ನಿಜ ನಾಟಕದೊಳಗೆ ಬಂತೋ, ಓದುಗರೇ ಹೇಳಬೇಕು.

ಜೋಕಿಗೆ ಪೈಪೋಟಿ

ವಿಡಂಬನೆಗೆ ಈಗಿನ ಕಷ್ಟವೇ ಬೇರೆ. ಜುಲೈ 2019 ನೆನಪಿರಬೇಕಲ್ಲ? ಶಾಸಕರು ಮುಂಬಯಿಯ ಹೋಟೆಲಿನಲ್ಲಿ, ಉಳಿದವರು ಬೆಂಗಳೂರಿನ ಹೊರಗೆ ರೆಸಾರ್ಟಿನಲ್ಲಿ, ನ್ಯೂಸ್ ಚಾನೆಲ್ಲಿನವರು ಗೇಟಿನಲ್ಲಿ. ಕೊನೆಗೆ ಜುಲೈ 23ರಂದು 99ಕ್ಕೆ 105ರಂತೆ ಸರ್ಕಾರ ಬಿತ್ತು. ಮಲೆನಾಡಿನ ಆ ಮಳೆಯಲ್ಲಿ ಕರೆಂಟು ಇದ್ದಷ್ಟು ಹೊತ್ತು ಜನ ಧಾರಾವಾಹಿ ಬಿಟ್ಟು ಅದನ್ನೇ ನೋಡಿದರು. 1980ರ ನಾಟಕದ ಲೆಕ್ಕಾಚಾರ ಪಾತ್ರಧಾರಿಗಳ ಸಮೇತ ನೇರಪ್ರಸಾರವಾದ ಮೇಲೆ ಜೋಕು ಬರೆಯುವವನು ಹೊಸದಾಗಿ ಬರೆಯುವುದೇನು?

ಶೃಂಗೇರಿ, ಕೊಪ್ಪದ ಕಡೆ ಹರಕೆ ಬಯಲಾಟ ನೋಡಿ ಬೆಳೆದವರಿಗೆ ಇದರ ಉತ್ತರ ಗೊತ್ತುಂಟು. ಮಂದಾರ್ತಿ ಮೇಳದಂಥ ಮೇಳಗಳು ಘಟ್ಟ ಹತ್ತಿ ಬರುತ್ತವೆ. ಪ್ರಸಂಗ ಸಾವಿರ ಸಲ ನೋಡಿದ್ದೇ. ಆದರೂ ಹಾಸ್ಯಗಾರ ರಂಗಕ್ಕೆ ಬಂದರೆ ನಿದ್ದೆಗಣ್ಣಿನವರೂ ಎದ್ದು ಕೂರುತ್ತಾರೆ. ಪುರಾಣದ ದೂತನ ಬಾಯಲ್ಲಿ ಈ ಊರಿನ ರಸ್ತೆ ಹೊಂಡ ಬರುತ್ತದೆ, ಬಾರದ ಬಸ್ಸು ಬರುತ್ತದೆ. ಎದುರಿಗೆ ಕೂತ ಪಂಚಾಯ್ತಿ ಮೆಂಬರೂ ನಗಲೇಬೇಕು. ಟಿ.ವಿ. ಜೋಕಿಗೆ ಎದುರಿಗಿರುವವರು ಯಾರೆಂದೇ ಗೊತ್ತಿಲ್ಲ. ಹಾಸ್ಯಗಾರನಿಗೆ ಗೊತ್ತು.

ನಗು ಮುಗಿದ ಮೇಲೆ

ಹೋಟೆಲಿನಲ್ಲಿ ನಕ್ಕಾದ ಮೇಲೆ ಕೊನೆಗೆ ಬರುವ ಮಾತು ಒಂದೇ: "ಎಲ್ರೂ ಅಷ್ಟೇ ಬಿಡಿ." ಭಯ ಪಡಬೇಕಾದ್ದು ಈ ಮಾತಿಗೆ. ಎಲ್ಲರನ್ನೂ ಒಂದೇ ಬಟ್ಟಲಿಗೆ ಹಾಕಿ ನಗುವ ವಿಡಂಬನೆ ಕಳ್ಳನಿಗೇ ಲಾಭ. "ನಾನೊಬ್ನೇನಾ?" ಅಂತ ಅವನೂ ಜತೆಗೆ ನಗುತ್ತಾನೆ.

ಎಲ್ಲರೂ ಅಷ್ಟೇ ಅಲ್ಲ ಎಂಬುದಕ್ಕೆ ಈ ಮೂರು ತಾಲೂಕಿನಲ್ಲೇ ಸಾಕ್ಷಿಯುಂಟು. ಇದೇ ಶೃಂಗೇರಿ ಕ್ಷೇತ್ರದ ಎಚ್.ಜಿ. ಗೋವಿಂದೇಗೌಡರು 1994ರಿಂದ 99ರವರೆಗೆ ಶಿಕ್ಷಣ ಮಂತ್ರಿ. ಶಿಫಾರಸು, ಲಂಚ ಇಲ್ಲದೆ ಅಂಕದ ಮೇಲೆ ಮೇಷ್ಟ್ರುಗಳನ್ನು ನೇಮಿಸಿದವರೆಂದು ಅವರು ತೀರಿಕೊಂಡು ವರ್ಷಗಳಾದರೂ ಜನ ನೆನೆಯುತ್ತಾರೆ. ಅವರ ಮೇಲೆ ಜೋಕು ಮಾಡಿ ನೋಡಿ, ಕೂರುವುದೇ ಇಲ್ಲ.

ಇನ್ನೊಂದು ಲೆಕ್ಕ. 2023ರ ವಿಧಾನಸಭೆ ಚುನಾವಣೆಯಲ್ಲಿ ಶೃಂಗೇರಿ ಕ್ಷೇತ್ರಕ್ಕೆ ಘೋಷಣೆಯಾದ ಗೆಲುವಿನ ಅಂತರ 201 ಮತ. ಎರಡು ಮದುವೆ ದಿಬ್ಬಣದ ಬಸ್ಸು ತುಂಬುವಷ್ಟು ಜನ! "ಎಲ್ರೂ ಅಷ್ಟೇ" ಅಂತ ಮನೆಯಲ್ಲಿ ಉಳಿದವರು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ತೋಟದಲ್ಲಿ ಹಳದಿ ಎಲೆ ರೋಗ ಹಾಗೇ ಇದೆ. ಎಲೆಚುಕ್ಕಿ ಬಂದು ಕೂತಿದೆ. 2013ರ ಕಸ್ತೂರಿರಂಗನ್ ವರದಿಯ ಹೆಸರೆತ್ತಿದರೆ ಹಳ್ಳಿಗಳಲ್ಲಿ ಇಂದಿಗೂ ಎದೆ ಧಸಕ್ಕೆನ್ನುತ್ತದೆ. ಆನೆ ಬಂದರೆ ರಾತ್ರಿ ನಿದ್ದೆಯಿಲ್ಲ. ಇವನ್ನು ನೆನಪಿಸುವಷ್ಟು ಕಾಲ ಜೋಕು ಎಷ್ಟೇ ಹಳೇದಾದರೂ ಹಳಸುವುದಿಲ್ಲ. ಇವನ್ನು ಮರೆಸಲಿಕ್ಕೆ ಶುರುಮಾಡಿದ ದಿನ ಹೊಸ ಜೋಕೂ ಹಳಸಲೇ.

ಹೋಟೆಲಿನ ಟಿ.ವಿ.ಯಲ್ಲಿ ಮತ್ತೆ ಕಾಮಿಡಿ ಬಂದಿದೆ. ರೆಕಾರ್ಡ್ ಮಾಡಿದ ನಗು ಕೇಳುತ್ತಿದೆ. ಹೊರಗೆ ಕೊನೇ ಬಸ್ಸು ಬಂತೋ ಇಲ್ಲವೋ ಎಂದು ಜನ ಇಣುಕುತ್ತಿದ್ದಾರೆ.