ಸೀಟ್ ಕ್ಲಾಂಪಿನ ಆಯ್ಕೆ

ಪಂದ್ಯದ ಸೈಕಲ್ಲಿನ ಭಾರವನ್ನು ಗ್ರಾಂ ಲೆಕ್ಕದಲ್ಲಿ ಇಳಿಸಹೊರಟವರ ದೃಷ್ಟಿಯು, ಸೀಟ್ ಪೋಸ್ಟನ್ನು ಚೌಕಟ್ಟಿಗೆ ಬಿಗಿಹಿಡಿಯುವ ಕ್ಲಾಂಪೆಂಬ ಪುಟ್ಟ ಲೋಹಪಟ್ಟಿಯ ಮೇಲೆ ಬೀಳದಿರದು. ಆದರೆ ಪೋಸ್ಟಿನ ಮೇಲೆ 27.2 ಮಿಲಿಮೀಟರ್ ಎಂದು ಕೆತ್ತಿರುವುದನ್ನು ಕಂಡು ಅದೇ ಅಳತೆಯ ಕ್ಲಾಂಪನ್ನು ಅರಸುವವರು ಹಲವರು. ವಸ್ತುತಃ ಕ್ಲಾಂಪು ಅಪ್ಪಿಕೊಳ್ಳುವುದು ಪೋಸ್ಟನ್ನು ಒಳಗೊಂಡ ಚೌಕಟ್ಟಿನ ಕೊಳವೆಯನ್ನಾದುದರಿಂದ, ಆ ಕೊಳವೆಯ ತುದಿಯ ಹೊರವ್ಯಾಸವೇ, 31.8 ಆಗಲಿ 34.9 ಆಗಲಿ, ಪ್ರಮಾಣವಾಗತಕ್ಕದ್ದು. ವರ್ನಿಯರ್ ಕ್ಯಾಲಿಪರಿನಿಂದ ಅಳೆದು ನೋಡುವುದೇ ಲೇಸು.

ಸಡಿಲವಾದ ಕ್ಲಾಂಪನ್ನು ಬಲಪ್ರಯೋಗದಿಂದ ಬಿಗಿದು ಸರಿಪಡಿಸುವೆನೆಂಬ ಹಟ ಅವಿವೇಕವೇ ಸರಿ; ಒತ್ತಡವು ಸುತ್ತಲೂ ಸಮನಾಗಿ ಹರಡದೆ ಒಂದೆರಡು ಬಿಂದುಗಳಲ್ಲಿ ಕೇಂದ್ರೀಕೃತವಾದರೆ ಕಾರ್ಬನ್ ಕೊಳವೆ ಸೀಳಬಲ್ಲುದು. ಹಗುರ ಕ್ಲಾಂಪುಗಳ ಬೋಲ್ಟು ಕೃಶವಾದುದರಿಂದ, ಕ್ಲಾಂಪು, ಪೋಸ್ಟು, ಚೌಕಟ್ಟುಗಳಿಗೆ ತಯಾರಕರು ವಿಧಿಸಿದ ಬಿಗಿತದ ಮಿತಿಗಳಲ್ಲಿ ಅತ್ಯಲ್ಪವಾದುದನ್ನೇ (ಅದು ಅನೇಕವೇಳೆ 5 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುತ್ತದೆ) ಮನ್ನಿಸಿ ಟಾರ್ಕ್ ರೆಂಚಿನಿಂದ ತಿರುಗಿಸಬೇಕು. ಕಾರ್ಬನ್ ಪೋಸ್ಟು ಜಾರುವುದಾದರೆ ಇನ್ನಷ್ಟು ಬಿಗಿಯುವುದರ ಬದಲು, ಘರ್ಷಣೆಯನ್ನು ಹೆಚ್ಚಿಸುವ ಕಾರ್ಬನ್ ಪೇಸ್ಟನ್ನು ತೆಳ್ಳಗೆ ಲೇಪಿಸುವುದು ಯುಕ್ತ.

ಇಷ್ಟೆಲ್ಲ ಶ್ರಮದಿಂದ ಉಳಿಯುವ ತೂಕವಾದರೋ, ನನ್ನ ಎಣಿಕೆಯಲ್ಲಿ, ಬಾಟಲಿಯ ಒಂದು ಗುಟುಕು ನೀರಿನಷ್ಟೇ! ಪೋಸ್ಟನ್ನು ಚೌಕಟ್ಟಿನೊಳಗೇ ಅಡಗಿದ ಬೆಣೆಯಿಂದ ಹಿಡಿಯುವ ಆಧುನಿಕ ಏರೋ ಸೈಕಲ್ಲುಗಳ ಒಡೆಯರಿಗಂತೂ ಈ ಆಯ್ಕೆಯೇ ಇಲ್ಲ. ಆ ಮಾದರಿಗೆಂದೇ ತಯಾರಾದ ಬಿಡಿಭಾಗವನ್ನು ಅವರು ಕೊಳ್ಳಬೇಕು.